ಓದಿಗೊಂದು ಲ್ಯಾಪ್‌ಟಾಪು, ಜೊತೆಗೆ ಒಂಚೂರು ಆಟ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಪಿಯುಸಿ ಸೇರುವ ಹೊತ್ತಿಗೆ ಕಾಂಪೌಂಡಿನ ಆಚೆ ಈಚೆ ನಡೆಯುವ ಮಾತೆಲ್ಲ ಒಂದೇ ದಾರಿ ಹಿಡಿಯುತ್ತದೆ. ಮೊದಲು ಯಾವ ಕಾಲೇಜು ಅನ್ನೋದು, ಆಮೇಲೆ ಪಿಸಿಎಂಬಿಯೋ ಪಿಸಿಎಂಸಿಯೋ ಅನ್ನೋದು, ಅದಾದ ಮೇಲೆ ತಪ್ಪದೆ ಬರೋದು ಲ್ಯಾಪ್‌ಟಾಪು. "ಓದೋದಕ್ಕೆ ಬೇಕೇ ಬೇಕಂತೆ. ಮಧ್ಯೆ ಯಾವಾಗಲಾದರೂ ಒಂದಿಷ್ಟು ಗೇಮೂ ಆಡ್ತಾನಂತೆ. ನಲವತ್ತು, ಹೆಚ್ಚೆಂದರೆ ನಲವತ್ತೈದು ಸಾವಿರದೊಳಗೆ ಮುಗಿಸು ಅಂದಿದ್ದಾರೆ ಇವರು. ಯಾವುದು ತಗೊಳ್ಳೋಣ ಹೇಳಿ" ಅಂತ ಪಕ್ಕದ ಮನೆಯ ಅಕ್ಕ ಕರಿಬೇವು ಬಿಡಿಸುತ್ತಾ ಕೇಳುತ್ತಾರೆ.

ಒಂದು ಹೆಸರು ಹೇಳಿ ಒಳಗೆ ಹೋಗಿಬಿಡುವ ಪ್ರಶ್ನೆಯಲ್ಲ ಇದು. ನಲವತ್ತು ಸಾವಿರ ಅಂದರೆ ನಮ್ಮಂಥವರ ಮನೆಯಲ್ಲಿ ಹುಡುಗಾಟದ ದುಡ್ಡಲ್ಲ. ಒಮ್ಮೆ ಮನೆಗೆ ಬಂದ ಮೇಲೆ ಪಿಯುಸಿಯ ಎರಡು ವರ್ಷ, ಆಮೇಲೆ ಡಿಗ್ರಿಯದ್ದೂ ಅದರಲ್ಲೇ ಸಾಗಬೇಕು. ಹಾಗಾಗಿ ನಾನು ಮೊದಲು ತಿರುಗಿ ಕೇಳೋದು, ಯಾವ ಆಟ ಅಂತ. ಅಮ್ಮಂದಿರಿಗೆ ಇದು ಗೊತ್ತಿರೋದಿಲ್ಲ, ಹುಡುಗನನ್ನೇ ಕರೀಬೇಕು. ಅವನೂ ಬಾಗಿಲ ಹಿಂದೆಯೇ ಕಿವಿಗೊಟ್ಟು ನಿಂತಿರುತ್ತಾನೆ, ಅಲ್ವಾ?

ವ್ಯಾಲರಂಟ್, ಮೈನ್‌ಕ್ರಾಫ್ಟ್ ಅಂದರೆ ನಿಶ್ಚಿಂತೆ. ವ್ಯಾಲರಂಟ್ 2020ರಲ್ಲಿ ಬಂದದ್ದು, ಸಾಧಾರಣ ಕಂಪ್ಯೂಟರಿನಲ್ಲೂ ಓಡಲಿ ಅಂತಲೇ ಮಾಡಿದ ಆಟ. 2012ರ ಕಾಲದ ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸ್ ಇದ್ದರೂ ಸಾಕು ಅಂತ ಅದರ ಕನಿಷ್ಠ ಅಗತ್ಯದ ಪಟ್ಟಿಯಲ್ಲೇ ಇದೆ. ಇಂಥವಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡು ಬೇಡವೇ ಬೇಡ, ಪ್ರೊಸೆಸರಿನೊಳಗೇ ಸೇರಿಕೊಂಡಿರೋ ಗ್ರಾಫಿಕ್ಸು ಸಾಕು. ಜಿಟಿಎ 5 ಅಂದರೂ ಹೆದರಬೇಕಿಲ್ಲ. ಅದು ಪಿಸಿಗೆ ಬಂದದ್ದು 2015ರಲ್ಲಿ. ಸೆಟ್ಟಿಂಗ್ಸು ಇಳಿಸಿಕೊಂಡು ಆಡಿದರೆ ಈಗಿನ ಒಳ್ಳೆಯ ಪ್ರೊಸೆಸರುಗಳು ನಿಭಾಯಿಸುತ್ತವೆ. ಬಿಜಿಎಂಐ ಅಂದರೆ ಅದು ಫೋನಿನ ಆಟ, ಲ್ಯಾಪ್‌ಟಾಪಿನ ಲೆಕ್ಕಕ್ಕೇ ಬರೋದಿಲ್ಲ. ಸೈಬರ್‌ಪಂಕ್ 2077 ಅಂತ ಬಾಯಿಬಿಟ್ಟರೆ ಮಾತ್ರ ನಲವತ್ತು ಸಾವಿರದ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಆ ಕತೆ ಬೇರೆ, ಆಮೇಲೆ ಬರ್ತೀನಿ.

ಆಟ ಅಂದ ಕೂಡಲೇ ನನಗೆ ನೆನಪಾಗೋದು ಶಾಲೆಯ ಕಂಪ್ಯೂಟರ್ ಲ್ಯಾಬು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲೊರೆಸಿಕೊಂಡು ಒಳಗೆ ಹೋಗಬೇಕಿತ್ತು. ಮಾನಿಟರಿಗೊಂದು, ಕೀಬೋರ್ಡಿಗೊಂದು ಬಟ್ಟೆಯ ಕವರು. ಒಂದೊಂದು ಕಂಪ್ಯೂಟರಿಗೆ ಮೂವರು ಹುಡುಗರು, ಅದರಲ್ಲಿ ಕೀಬೋರ್ಡು ಸಿಗೋದು ಒಬ್ಬನಿಗೇ. ಮೇಷ್ಟ್ರು ಅತ್ತ ತಿರುಗಿದರೆ ಇತ್ತ ಡೇವ್ ಶುರು. ಡೇಂಜರಸ್ ಡೇವ್, ಕೆಂಪು ಟೋಪಿಯ ಹುಡುಗ. ಹಾರಿ ಹಾರಿ ಕಪ್ಪು ಗೆದ್ದುಕೊಂಡು ಬಾಗಿಲು ಸೇರಬೇಕು. ಅದನ್ನು ಬರೆದ ಜಾನ್ ರೊಮೆರೊ ಅವರೇ ಮುಂದೆ ಡೂಮ್ ಆಟ ಕಟ್ಟಿದವರಲ್ಲಿ ಒಬ್ಬರು ಅಂತ ನಮಗೆ ಆಗ ಎಲ್ಲಿ ಗೊತ್ತು? ಆ ಡೇವ್ ಒಂದು ಫ್ಲಾಪಿಯಲ್ಲಿ ಕೂತು ಇನ್ನೂ ಜಾಗ ಉಳಿಯುತ್ತಿತ್ತು. ಫ್ಲಾಪಿ ಅಂದರೆ 1.44 ಎಂಬಿ. ಈಗಿನ ಜಿಟಿಎ 5 ನೂರು ಜಿಬಿಗೂ ಜಾಸ್ತಿ. ಲೆಕ್ಕ ಹಾಕಿದರೆ ಎಪ್ಪತ್ತು ಸಾವಿರ ಫ್ಲಾಪಿ ಬೇಕು. ನಮ್ಮ ಇಡೀ ಲ್ಯಾಬಿನಲ್ಲಿ ಪೇರಿಸಿದರೂ ಹಿಡೀತಿತ್ತೋ ಇಲ್ಲವೋ.

ಅದಕ್ಕೇ ಎಸ್‌ಎಸ್‌ಡಿ 512 ಜಿಬಿ ಇರಲಿ ಅನ್ನೋದು. 256ರಲ್ಲಿ ವಿಂಡೋಸು ಕೂತು, ಕಾಲೇಜಿನ ಫೈಲುಗಳು ಕೂತು, ಒಂದು ಆಟ ಬಂದರೆ ಮುಗೀತು. ಇನ್ನು ಎಸ್‌ಎಸ್‌ಡಿ ಬದಲು ಇಎಂಎಂಸಿ ಅಂತ ಬರೆದಿದ್ದರೆ, ಅದರಲ್ಲೂ 64 ಜಿಬಿಯದ್ದಾದರೆ, ಆ ಕಡೆ ನೋಡಲೇಬೇಡಿ. ವಿಂಡೋಸ್ 11ಕ್ಕೆ ಕನಿಷ್ಠ ಬೇಕಾದದ್ದೇ 64 ಜಿಬಿ, ಮಿಕ್ಕಿದ್ದಕ್ಕೆ ಎಲ್ಲಿ ಹೋಗೋಣ? ಹಾಂ, 512 ಅಂತ ತಗೊಂಡು ಮನೆಗೆ ಬಂದು ನೋಡಿದರೆ 476 ಅಂತ ತೋರಿಸುತ್ತದೆ. ಪಕ್ಕದ ಮನೆಯ ಭಾವ ಮೊದಲ ಸಲ ಅದನ್ನು ನೋಡಿ ಅಂಗಡಿಯವನ ಹತ್ತಿರ ಜಗಳಕ್ಕೆ ಹೊರಟಿದ್ದರು! ಅದರಲ್ಲಿ ಯಾರ ಮೋಸವೂ ಇಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸು 1024ರ ಲೆಕ್ಕದಲ್ಲಿ ಅಳೆಯುತ್ತದೆ, ಅಷ್ಟೇ.

ಈಗ ನನಗೆ ಅತ್ಯಂತ ಪ್ರೀತಿಯ ವಿಷಯಕ್ಕೆ ಬರ್ತೀನಿ, ರ್ಯಾಮು. ಎಂಟು ಜಿಬಿಯೋ ಹದಿನಾರೋ ಅಂತ ಎಲ್ಲರೂ ಕೇಳ್ತಾರೆ. ಅದು ಎಷ್ಟು ತುಂಡಿನಲ್ಲಿದೆ ಅಂತ ಯಾರೂ ಕೇಳೋದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡು ಇಲ್ಲದ ಲ್ಯಾಪ್‌ಟಾಪಿನಲ್ಲಿ ಆಟದ ಚಿತ್ರ ಬಿಡಿಸೋದಕ್ಕೂ ಈ ರ್ಯಾಮಿನಿಂದಲೇ ಪಾಲು ತೆಗೆಯಬೇಕು. ಒಂದೇ ತುಂಡು ರ್ಯಾಮಿದ್ದರೆ ಮಾಹಿತಿ ಓಡಾಡೋ ದಾರಿಯೂ ಒಂದೇ, ಎರಡಿದ್ದರೆ ಎರಡು. ಒಂಟಿ ಎತ್ತು ಕಟ್ಟಿ ಉಳೋದಕ್ಕೂ ಜೋಡೆತ್ತು ಕಟ್ಟಿ ಉಳೋದಕ್ಕೂ ಇರೋ ವ್ಯತ್ಯಾಸ ನಮ್ಮ ಕಡೆಯವರಿಗೆ ಹೇಳಿಕೊಡಬೇಕೇ? ಟೈಪು ಮಾಡುವಾಗ, ಪಾಠದ ವಿಡಿಯೋ ನೋಡುವಾಗ ಈ ವ್ಯತ್ಯಾಸ ಕಾಣೋದಿಲ್ಲ. ಆಟಕ್ಕೆ ಕೂತಾಗ ಮಾತ್ರ ಕಣ್ಣಿಗೆ ಹೊಡೆಯುತ್ತದೆ.

ಇದರಲ್ಲೊಂದು ಸೋಜಿಗ ಇದೆ ಕೇಳಿ. ಇಂಟೆಲ್ಲಿನ ಐ5-1235ಯು ಅಂತ ಒಂದು ಪ್ರೊಸೆಸರು. ಡಬ್ಬದ ಮೇಲೆ 'ಐರಿಸ್ ಎಕ್ಸ್‌ಇ ಗ್ರಾಫಿಕ್ಸ್' ಅಂತ ಚಂದದ ಸ್ಟಿಕ್ಕರು. ಒಂದೇ ತುಂಡು ರ್ಯಾಮಿರೋ ಲ್ಯಾಪ್‌ಟಾಪಿನಲ್ಲಿ ಅದೇ ಪ್ರೊಸೆಸರು ತನ್ನ ಹೆಸರನ್ನು 'ಯುಎಚ್‌ಡಿ ಗ್ರಾಫಿಕ್ಸ್' ಅಂತ ಹೇಳಿಕೊಳ್ಳುತ್ತದೆ! ಇನ್ನೊಂದು ತುಂಡು ಹಾಕಿಸಿ ಮತ್ತೆ ಆನ್ ಮಾಡಿ, ಐರಿಸ್ ಎಕ್ಸ್‌ಇ ಅಂತ ಬದಲಾಗುತ್ತದೆ. ಎರಡು ದಾರಿಯ ಮೆಮೊರಿ ಇಲ್ಲದಿದ್ದರೆ ಆ ಹೆಸರು ಇಟ್ಟುಕೊಳ್ಳೋ ಹಾಗಿಲ್ಲ ಅಂತ ಇಂಟೆಲ್ಲೇ ಮಾಡಿದ ನಿಯಮ. ಯಂತ್ರವೊಂದು ಇಷ್ಟು ಪ್ರಾಮಾಣಿಕವಾಗಿ ತನ್ನ ಕೊರತೆ ಒಪ್ಪಿಕೊಳ್ಳೋದು ನೋಡಿದರೆ ನನಗಂತೂ ಖುಷಿ.

ಹಾಗಾದರೆ ಅಂಗಡಿಯಲ್ಲಿ ತಿಳಿಯೋದು ಹೇಗೆ? ಬಿಚ್ಚಿ ನೋಡಬೇಕಿಲ್ಲ. ಡೆಮೊ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಪರ್ಫಾರ್ಮೆನ್ಸ್ ಅನ್ನೋ ಕಡೆ ಹೋಗಿ ಮೆಮೊರಿ ಒತ್ತಿದರೆ ಎಷ್ಟು ಸ್ಲಾಟಿದೆ, ಎಷ್ಟು ತುಂಬಿದೆ ಅನ್ನೋದು ಅಲ್ಲೇ ಬರೆದಿರುತ್ತದೆ. ಎರಡರಲ್ಲಿ ಒಂದು ತುಂಬಿದೆ ಅಂದರೆ ಸಂತೋಷ, ಮುಂದೆ ಇನ್ನೊಂದು ಹಾಕಿಸಬಹುದು. ಫಾರ್ಮ್ ಫ್ಯಾಕ್ಟರ್ ಅನ್ನೋ ಕಡೆ 'ರೋ ಆಫ್ ಚಿಪ್ಸ್' ಅಂತಿದ್ದರೆ ರ್ಯಾಮನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದಾರೆ ಅಂತ ಅರ್ಥ. ಬೆಸುಗೆ ಹಾಕಿದ್ದೆಲ್ಲ ನಿಧಾನ ಅಂತಲ್ಲ, ಎಷ್ಟೋ ಮಾಡೆಲ್ಲುಗಳಲ್ಲಿ ಅದು ಎರಡು ದಾರಿಯಲ್ಲೇ ಓಡುತ್ತದೆ. ಆದರೆ ಜೊತೆಗೆ ಸ್ಲಾಟೂ ಇಲ್ಲದಿದ್ದರೆ ಆಮೇಲೆ ಹೆಚ್ಚಿಸೋ ಹಾಗಿಲ್ಲ, ಕೊಳ್ಳುವಾಗಲೇ 16 ಇರಬೇಕು. 'ಈಗ ಎಂಟು ಸಾಕು, ಮುಂದಿನ ವರ್ಷ ಹಾಕಿಸೋಣ' ಅಂತ ಹಿಂದೆ ನಾನೂ ಎಲ್ಲರಿಗೂ ಹೇಳ್ತಿದ್ದೆ, ರ್ಯಾಮು ಅಗ್ಗವಿತ್ತು. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳು ಮೆಮೊರಿಯನ್ನೆಲ್ಲ ಬಾಚಿಕೊಳ್ಳೋದಕ್ಕೆ ಶುರುಮಾಡಿ ಬೆಲೆ ಮೇಲೇರಿದೆ. ಹಾಗಾಗಿ ಈಗ ಎರಡೂ ಲೆಕ್ಕ ಹಾಕಿ ನೋಡಿ: 16 ಜಿಬಿಯ ಮಾಡೆಲ್ಲಿಗೆ ಕೇಳೋ ಹೆಚ್ಚುವರಿ ದುಡ್ಡು ಎಷ್ಟು, ಬಿಡಿ ರ್ಯಾಮಿಗೆ ಎಷ್ಟು.

ಹೆಸರುಗಳ ಸಂತೆ ಇನ್ನೊಂದು. ಎಎಂಡಿಯವರ ರೈಜನ್ 5 7520ಯು, ರೈಜನ್ 5 7530ಯು ಅಂತ ಎರಡಿವೆ. ನೋಡೋದಕ್ಕೆ ಅಣ್ಣ ತಮ್ಮ, ಹತ್ತೇ ಅಂಕಿಯ ಅಂತರ. ಗುಟ್ಟಿರೋದು ಮೂರನೇ ಅಂಕಿಯಲ್ಲಿ. ಅಲ್ಲಿ 2 ಇದ್ದರೆ ಒಳಗಿರೋದು ಝೆನ್ 2, ಅಂದರೆ 2019ರಲ್ಲಿ ಬಂದ ವಿನ್ಯಾಸ. 3 ಇದ್ದರೆ 2020ರ ಝೆನ್ 3. 4 ಇದ್ದರೆ 2022ರ ಝೆನ್ 4. 7520ಯುನಲ್ಲಿ ನಾಲ್ಕು ಕೋರು, ಗ್ರಾಫಿಕ್ಸಿಗೆ ಎರಡೇ ಘಟಕ. 7530ಯುನಲ್ಲಿ ಆರು ಕೋರು, ಗ್ರಾಫಿಕ್ಸಿಗೆ ಏಳು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅಂತ ನಮ್ಮಜ್ಜಿ ಹೇಳ್ತಿದ್ದದ್ದು ಇದಕ್ಕೇ ಇರಬೇಕು. 7520ಯು ಬರೆಯೋದಕ್ಕೆ ಓದೋದಕ್ಕೆ ಧಾರಾಳ ಸಾಕು, ಆಟದ ಆಸೆಯಿದ್ದರೆ ಬೇಡ. ಇಷ್ಟು ಸಣ್ಣ ಅಂಕಿಯಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಇಡೋದು ಕೊಳ್ಳುವವರಿಗೆ ಮಾಡೋ ಅನ್ಯಾಯ ಅಂತ ನನ್ನ ಖಡಾಖಂಡಿತ ಅಭಿಪ್ರಾಯ.

ಇಂಟೆಲ್ಲಿನವರೂ 2023ರ ಕೊನೆಯಿಂದ ಹೊಸ ಮಾಡೆಲ್ಲುಗಳಲ್ಲಿ ಆ 'ಐ' ಅಕ್ಷರ ಬಿಟ್ಟು ಬರೀ ಕೋರ್ 3, ಕೋರ್ 5 ಅನ್ನೋಕೆ ಶುರುಮಾಡಿದ್ದಾರೆ. ಅಂಕಿಯ ಕೊನೆಗೆ ಯು ಅಂತಿದ್ದರೆ ಕಡಿಮೆ ವಿದ್ಯುತ್ತಿನದ್ದು, ಎಚ್ ಅಂತಿದ್ದರೆ ಬಲ ಜಾಸ್ತಿ, ಬಿಸಿಯೂ ಜಾಸ್ತಿ. ಎನ್100 ಅಂತಿದ್ದರೆ ಅದು ಟೈಪಿಂಗು, ಬ್ರೌಸಿಂಗಿಗೆ ಮಾತ್ರ. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಅಗ್ಗದ ಕಂಪ್ಯೂಟರಿನ ಮಾತು ಬಂದಾಗಲೆಲ್ಲ ನನಗೆ ಸಿಂಪ್ಯೂಟರ್ ನೆನಪು. ನಿಮಗೂ ನೆನಪಿರಬೇಕಲ್ವಾ? ಹೊಸ ಶತಮಾನದ ಶುರುವಿನಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿಯ ಪ್ರಾಧ್ಯಾಪಕರು, ಎಂಕೋರ್ ಸಾಫ್ಟ್‌ವೇರಿನವರು ಸೇರಿ ಅಂಗೈಯಲ್ಲಿ ಹಿಡಿಯೋ ಕಂಪ್ಯೂಟರು ಮಾಡಿದ್ದರು. ಒಂಬತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗಬೇಕು, ಅಕ್ಷರ ಬಾರದವರಿಗೂ ನಮ್ಮ ಭಾಷೆಗಳಲ್ಲೇ ಓದಿ ಹೇಳಬೇಕು ಅಂತ ಅವರ ಆಸೆ. 2004ರಲ್ಲಿ ಅಮಿಡಾ ಅಂತ ಹೆಸರಿಟ್ಟು ಬಂತು, ತಯಾರಿಸಿದ್ದು ಬಿಇಎಲ್. ಕೈಯನ್ನು ಆಡಿಸಿದರೆ ಅದಕ್ಕೆ ಚಲನೆ ತಿಳಿಯುತ್ತಿತ್ತು. ಐಫೋನು ಬರೋದಕ್ಕೆ ಇನ್ನೂ ಮೂರು ವರ್ಷ ಇತ್ತು ಆಗ! ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ, ನಿಜ. ಆದರೂ ನಮ್ಮೂರಲ್ಲಿ ಅಂಥದ್ದೊಂದು ಯೋಚನೆ ಹುಟ್ಟಿತ್ತು ಅಂತ ಮಕ್ಕಳಿಗೆ ಹೇಳಬೇಕು. 2023ರಲ್ಲಿ 16,499 ರೂಪಾಯಿಗೆ ಜಿಯೋಬುಕ್ ಬಂದಾಗಲೂ ಜನ ಅದೇ ಆಸೆಯಿಂದ ನೋಡಿದರು. 4 ಜಿಬಿ ರ್ಯಾಮು, 64 ಜಿಬಿ ಜಾಗ. ಪಾಠ ಕೇಳೋದಕ್ಕೆ ಅಡ್ಡಿಯಿಲ್ಲ. ವಿಂಡೋಸಿನ ಆಟ ಅದರಲ್ಲಿ ಬರೋದಿಲ್ಲ, ಹಾಗಾಗಿ ನಮ್ಮ ಹುಡುಗನ ಲೆಕ್ಕಕ್ಕೆ ಅಲ್ಲ.

ಇನ್ನು ಸೆಕೆಂಡ್ ಹ್ಯಾಂಡ್. ಇಪ್ಪತ್ತೈದು ಸಾವಿರಕ್ಕಿಂತ ಹೆಚ್ಚು ಆಗೋದಿಲ್ಲ ಅನ್ನೋ ಮನೆಗಳೂ ಇವೆ, ಅವರಿಗೂ ದಾರಿ ಬೇಕಲ್ಲ. ಬೆಂಗಳೂರಿನವರಾದರೆ ಎಸ್‌ಪಿ ರೋಡು ಇದೆ, ಸಾದರ ಪತ್ರಪ್ಪ ರಸ್ತೆ, ಟೌನ್ ಹಾಲಿನಿಂದ ನಡೆದೇ ಹೋಗಬಹುದು. ಆ ಇಕ್ಕಟ್ಟಿನಲ್ಲಿ ಕೇಬಲ್ಲು, ಕೀಬೋರ್ಡು, ಮದರ್‌ಬೋರ್ಡು ಎಲ್ಲ ತೂಗುಬಿದ್ದಿರೋದನ್ನು ನೋಡ್ತಾ ನಡೆಯೋದೇ ಒಂದು ಸೊಗಸು. ಅಲ್ಲಿ ಆಫೀಸುಗಳಿಂದ ಬಂದ ಹಳೆಯ ಥಿಂಕ್‌ಪ್ಯಾಡು, ಲ್ಯಾಟಿಟ್ಯೂಡುಗಳು ಸಿಗುತ್ತವೆ. ಥಿಂಕ್‌ಪ್ಯಾಡ್ ಟಿ480 ನನ್ನ ಮೆಚ್ಚಿನದು. ಒಳಗೊಂದು, ಹೊರಗೊಂದು ಅಂತ ಅದಕ್ಕೆ ಎರಡು ಬ್ಯಾಟರಿ. ಲ್ಯಾಪ್‌ಟಾಪು ಓಡ್ತಿರುವಾಗಲೇ ಹೊರಗಿನದನ್ನು ಕಿತ್ತು ಬೇರೆ ಹಾಕಬಹುದು. ರ್ಯಾಮಿಗೆ ಎರಡು ಸ್ಲಾಟು, ಕೀಬೋರ್ಡಂತೂ ಬೆರಳಿಗೆ ಹಬ್ಬ. ಆಟಕ್ಕೆ ಅಷ್ಟಕ್ಕಷ್ಟೇ, ಮೈನ್‌ಕ್ರಾಫ್ಟಿನ ಮಟ್ಟ.

ಹಳೆಯದು ಕೊಳ್ಳುವಾಗ ಒಂದು ಗೆರೆ ದಾಟಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟು ಕೊಡ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪೋದು ಇಂಟೆಲ್ಲಿನ ಎಂಟನೇ ತಲೆಮಾರಿನಿಂದ ಈಚೆಗೆ. ಏಳನೇ, ಆರನೇ ತಲೆಮಾರಿನ ಲ್ಯಾಪ್‌ಟಾಪುಗಳು ಅದಕ್ಕೇ ಈಗ ಅಷ್ಟು ಅಗ್ಗವಾಗಿ ಬರ್ತಿರೋದು. ಹೇಗೋ ವಿಂಡೋಸ್ 11 ಹಾಕಿಕೊಡ್ತೀನಿ ಅಂದರೂ ಬೇಡ ಅನ್ನಿ. ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನೋ ಸುರಕ್ಷತೆಯ ಏರ್ಪಾಡುಗಳು ಸರಿಯಿಲ್ಲದಿದ್ದರೆ ವಿಂಡೋಸ್ 11ರಲ್ಲಿ ವ್ಯಾಲರಂಟ್ ತೆರೆಯೋದೇ ಇಲ್ಲ. ಆಟಕ್ಕೂ ಓದಿಗೂ ಸಂಬಂಧ ಎಲ್ಲೆಲ್ಲಿ ಕೂಡುತ್ತದೆ ನೋಡಿ. ಬ್ಯಾಟರಿ ರಿಪೋರ್ಟು ತೆಗೆಸಿ, ಹೊಸದರಲ್ಲಿ ಎಷ್ಟು ಹಿಡೀತಿತ್ತು, ಈಗ ಎಷ್ಟು ಹಿಡೀತದೆ ಅಂತ ಎರಡೂ ಸಂಖ್ಯೆ ನೋಡಿ. ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ದುಡ್ಡು ಬೆಲೆಯಲ್ಲಿ ಕಳೀರಿ ಅನ್ನಿ.

ಸೈಬರ್‌ಪಂಕಿನ ಕತೆ ಬಾಕಿ ಇತ್ತಲ್ಲ. ಅಂಥ ಆಟಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡು ಬೇಕು, ಆರ್‌ಟಿಎಕ್ಸ್ 2050, 3050 ಅಂತ. ಇಲ್ಲೂ ಹೆಸರಿನ ಗೊಂದಲ: 2050 ಅಂತ ಕರೆದರೂ ಅದರ ಚಿಪ್ಪು 3000ದ ಸಂತತಿಯದ್ದು, ನಾಲ್ಕು ಜಿಬಿ ಮೆಮೊರಿ. ಕಾರ್ಡು ಬಂದ ಕೂಡಲೇ ಬೆಲೆ ಸಾಮಾನ್ಯವಾಗಿ ಐವತ್ತು ಸಾವಿರ ದಾಟುತ್ತದೆ, ತೂಕವೂ ಹೆಚ್ಚುಕಡಿಮೆ ಎರಡು ಕೆಜಿ ಮುಟ್ಟುತ್ತದೆ, ಚಾರ್ಜರು ಇಟ್ಟಿಗೆಯಷ್ಟು ದಪ್ಪ. ಚಾರ್ಜರು ಕಿತ್ತರೆ ಆಟದ ವೇಗ ಬಿದ್ದುಹೋಗುತ್ತದೆ. ಇಷ್ಟನ್ನೂ ಹೊತ್ತುಕೊಂಡು ಹುಡುಗ ಬಸ್ಸಿನಲ್ಲಿ ನಿಂತು ಕಾಲೇಜಿಗೆ ಹೋಗಬೇಕು. ಅದೂ ವಾರಕ್ಕೊಮ್ಮೆ ಆಡೋ ಆಟಕ್ಕೆ! ನಲವತ್ತೈದು ಸಾವಿರದಲ್ಲೇ ಗ್ರಾಫಿಕ್ಸ್ ಕಾರ್ಡು ತುರುಕಿದ ಮಾಡೆಲ್ಲು ಸಿಕ್ಕರೆ ಇನ್ನೂ ಹುಷಾರು. ಆ ದುಡ್ಡನ್ನು ಅವರು ಪರದೆಯಿಂದಲೋ ರ್ಯಾಮಿನಿಂದಲೋ ಬ್ಯಾಟರಿಯಿಂದಲೋ ಉಳಿಸಿರುತ್ತಾರೆ.

ಪರದೆಯ ವಿಷಯದಲ್ಲಿ ನಾನು ಹಟ ಹಿಡೀತೀನಿ. ರ್ಯಾಮು ಹಾಕಿಸಬಹುದು, ಎಸ್‌ಎಸ್‌ಡಿ ಬದಲಾಯಿಸಬಹುದು, ಪರದೆಯ ಮುಂದೆ ಮಾತ್ರ ಕೊನೆಯ ದಿನದವರೆಗೂ ಅದೇ ಕಣ್ಣು. ಫುಲ್ ಎಚ್‌ಡಿ, ಐಪಿಎಸ್ ಇರಲೇಬೇಕು. ಪರೀಕ್ಷೆ ಸುಲಭ: ಎದ್ದು ನಿಂತು ಮೇಲಿನಿಂದ ನೋಡಿ, ಪಕ್ಕಕ್ಕೆ ಸರಿದು ನೋಡಿ. ಬಣ್ಣ ತಿರುಗಿ ಮುಖವೆಲ್ಲ ಕಪ್ಪಾದರೆ ಅದು ಹಳೆಯ ಟಿಎನ್ ಪ್ಯಾನೆಲ್ಲು. ಈ ಬೆಲೆಯಲ್ಲಿ ಪರದೆಯ ಬೆಳಕು ಸಾಮಾನ್ಯವಾಗಿ 250 ನಿಟ್ಸು, ಮನೆಯೊಳಗೆ ಸಾಕು. ಜಗಲಿಯ ಬಿಸಿಲಲ್ಲಿ ಕೂತು ಓದೋದು ಕಷ್ಟ. 'ಮಿಲಿಟರಿ ಗ್ರೇಡ್' ಅನ್ನೋ ಸ್ಟಿಕ್ಕರಿಗೆ ದುಡ್ಡು ಹೆಚ್ಚು ಕೊಡಬೇಡಿ. ಅದರ ಹಿಂದಿರೋದು ಅಮೆರಿಕದ ಸೇನೆಯ ಪರೀಕ್ಷಾ ಕ್ರಮಗಳ ಪುಸ್ತಕ. ಯಾವ ಪರೀಕ್ಷೆ ಮಾಡಬೇಕು ಅಂತ ಆರಿಸಿಕೊಳ್ಳೋದು ತಯಾರಕರೇ.

ಕೀಬೋರ್ಡಿನ ಮೇಲೆ ಹುಡುಗನ ಕೈಯಲ್ಲೇ ನಾಲ್ಕು ಸಾಲು ಹೊಡೆಸಿ, ಅದೂ ಕನ್ನಡದಲ್ಲಿ. ಈಗ ಅದಕ್ಕೆ ಏನನ್ನೂ ಕೊಳ್ಳಬೇಕಿಲ್ಲ. 2019ರಿಂದ ವಿಂಡೋಸಿನಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡು ಬರುತ್ತದೆ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸಕ್ಕೆ ಒಗ್ಗಿದವರಿಗೆ ನುಡಿ ತಂತ್ರಾಂಶ ಇದೆ. ವಿಂಡೋಸಿನ ಹಳೆಯ ಕನ್ನಡ ಫಾಂಟಿನ ಹೆಸರು ಗೊತ್ತಾ ನಿಮಗೆ? ತುಂಗಾ! ನಮ್ಮ ಶೃಂಗೇರಿ, ತೀರ್ಥಹಳ್ಳಿಯ ಹೊಳೆಯ ಹೆಸರು ಲೋಕದ ಲಕ್ಷಾಂತರ ಕಂಪ್ಯೂಟರುಗಳೊಳಗೆ ಕೂತಿದೆ ಅಂತ ತಿಳಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹುಡುಗರ ಕನ್ನಡ ಪ್ರಾಜೆಕ್ಟು ಅಂಗಡಿಯ ಡಿಟಿಪಿಯವರ ಕೈಯಲ್ಲಿ ಆಗೋದಕ್ಕಿಂತ ಅವರ ಕೈಯಲ್ಲೇ ಆದರೆ ಎಷ್ಟು ಚೆಂದ, ಅಲ್ವಾ?

ಹಾಗಾಗಿ ಅಕ್ಕಾ, ನನ್ನ ತೀರ್ಮಾನ ಇಷ್ಟು. ಗೇಮಿಂಗ್ ಲ್ಯಾಪ್‌ಟಾಪಿನ ಆಸೆ ಬಿಡಿ. ರೈಜನ್ 5 7530ಯು ಅಥವಾ ಐ5-1235ಯು ಮಟ್ಟದ ಪ್ರೊಸೆಸರು, ಎರಡು ದಾರಿಯ 16 ಜಿಬಿ ರ್ಯಾಮು, ಇಲ್ಲವೇ ಎಂಟರ ಜೊತೆಗೆ ಖಾಲಿ ಸ್ಲಾಟು, 512ರ ಎಸ್‌ಎಸ್‌ಡಿ, ಐಪಿಎಸ್ ಪರದೆ. ಇಷ್ಟಿದ್ದರೆ ಯಾವ ಕಂಪನಿಯದ್ದಾದರೂ ಸರಿ, ಸರ್ವೀಸ್ ಸೆಂಟರು ನಮ್ಮೂರಲ್ಲಿರಲಿ. ದಸರಾ ಸಮಯದ ಆನ್‌ಲೈನ್ ಮಾರಾಟದವರೆಗೆ ಕಾಯಬಹುದಾದರೆ ಕಾಯಿರಿ, ಕಾಲೇಜು ಶುರುವಾಗಿ ತುರ್ತಿದ್ದರೆ ಬೇಡ. ಬಿಲ್ಲಿಲ್ಲದೆ ಕೊಟ್ಟರೆ ಜಿಎಸ್‌ಟಿಯ 18 ಪರ್ಸೆಂಟು ಉಳಿಯುತ್ತದೆ ಅಂತ ಯಾರಾದರೂ ಅಂದರೆ ಒಪ್ಪಬೇಡಿ, ವಾರಂಟಿ ಕೇಳೋದಕ್ಕೆ ಹೋದಾಗ ಮೊದಲು ಕೇಳೋದು ಬಿಲ್ಲನ್ನೇ. ಶನಿವಾರ ಹುಡುಗನನ್ನೂ ಕರೆದುಕೊಂಡು ಹೋಗಿ, ಬಿಲ್ಲಿನಲ್ಲಿ ಸೀರಿಯಲ್ ನಂಬರು ಬರೆಸಿಕೊಂಡೇ ದುಡ್ಡು ಕೊಡಿ.